ಅಳತೆ ಪುಸ್ತಕದಲ್ಲಿ ನನ್ನದೊಂದು ಪುಟ

ಕಳೆದ ಭಾನುವಾರ ಪ್ರದರ್ಶನ ಮುಗಿಯಿತು. ಗೋಡೆಯ ಮೇಲಿದ್ದ ಕೊನೆಯ ಛಾಯಾಚಿತ್ರವನ್ನೂ ಇಳಿಸಿ ಪೆಟ್ಟಿಗೆಗೆ ಸೇರಿಸಿದ ಮೇಲೆ, ನೋಡುಗರೆದುರು ಸ್ವಂತ ದೇಹವನ್ನೇ ಕೃತಿಯಾಗಿಸುವ ಪರ್ಫಾರ್ಮೆನ್ಸ್ ಕಲಾವಿದೆಯಾಗಿ ನಾನು ಕಳೆದ ಈ 25 ವರ್ಷಗಳಿಗೆ ಯಾರು ಯಾರು ಹೆಗಲು ಕೊಟ್ಟರೆಂಬುದನ್ನು ಬರೆದಿಡದೆ ಇರಲಾಗಲಿಲ್ಲ. ನಡುವೆ ಒಮ್ಮೆ ನನ್ನ ಕೃತಿಯದೊಂದು ಹನ್ನೊಂದು ಸೆಕೆಂಡಿನ ವಿಡಿಯೋ ತುಣುಕು ಫೋನಿನಿಂದ ಫೋನಿಗೆ ಹರಡಿ, ನನ್ನ ಮೈಯ ಬಗ್ಗೆ ಹೀನ ಸಂದೇಶಗಳು ಬಂದವು, ಬಾಗಿಲುಗಳು ಮುಚ್ಚಿದವು; ಅದು ಯಾರ ಯಾರ ಫೋನಿಗೆ ಹೋಯಿತು, ಯಾವ ಬಾಗಿಲು ಮುಚ್ಚಿತು ಎಂಬುದನ್ನು ಮತ್ತೆ ಕೆದಕುವುದಿಲ್ಲ.

ನನಗಿಂತ ಮುಂದೆ ನಡೆದವರಿಗೆ ಮೊದಲ ನಮಸ್ಕಾರ. ಶಿಲ್ಪಕಲೆ ಓದಿ ಹೊರಬಂದ ನನಗೆ, ಕಲ್ಲು ಮಣ್ಣುಗಳಂತೆ ಸ್ವಂತ ದೇಹವೂ ಒಂದು ಮಾಧ್ಯಮವಾಗಬಲ್ಲದೆಂದು ತೋರಿಸಿಕೊಟ್ಟವರು ಇದೇ ಬೆಂಗಳೂರಿನ, ಶಿಲ್ಪಕಲೆಯಿಂದಲೇ ಬಂದ ಎನ್. ಪುಷ್ಪಮಾಲಾ. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ, ವಸಾಹತುಶಾಹಿ ಕಾಲದ ಮಾನವಶಾಸ್ತ್ರಜ್ಞರು ಜನರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳೆದ ಬಗೆಯನ್ನು ತಮ್ಮ ಮೈಮೇಲೆ ತಾವೇ ತಂದುಕೊಂಡಿದ್ದರು. ಆ ಚಿತ್ರದ ಮುಂದೆ ನಿಂತಾಗ ನನ್ನ ಉಸಿರು ಕಟ್ಟಿದಂತಾಗಿತ್ತು. ಕೋಮುಗಲಭೆಗಳ ಗಾಯ ಮಾಗದಿದ್ದ ಮುಂಬೈಯಲ್ಲಿ, 1995ರಲ್ಲಿ, ಸೀಳಿದ ಪಪ್ಪಾಯಿ ಹಣ್ಣನ್ನು ಕೈಯಲ್ಲಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ದನಿಯಿಲ್ಲದ ಚೀತ್ಕಾರದಲ್ಲಿ ಬಾಯಿ ತೆರೆದುಕೊಂಡು ನಡೆದ ಕಲಾವಿದೆ ರುಮಾನಾ ಹುಸೇನ್ ಅವರನ್ನು ನಾನು ಕಣ್ಣಾರೆ ಕಾಣಲಿಲ್ಲ. ನಾನು ಕೆಲಸ ಶುರು ಮಾಡುವ ಮುಂಚೆಯೇ, 1999ರಲ್ಲಿ, ಅವರು ತೀರಿಕೊಂಡಿದ್ದರು. ತಾಯಿಯಾದ ಮೇಲೆ ಮನೆಗೆಲಸವನ್ನೇ ಕಲೆಯೆಂದು ಸಾರಿ, 1973ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ವಸ್ತುಸಂಗ್ರಹಾಲಯದ ಮೆಟ್ಟಿಲುಗಳನ್ನು ಮಂಡಿಯೂರಿ ತೊಳೆದ ಮಿಯರ್ಲ್ ಲೇಡರ್‌ಮನ್ ಯೂಕಲೆಸ್ ಅವರಿಲ್ಲದೆ ಅಡುಗೆಮನೆಗಳ ಮಸಿಬಟ್ಟೆಗಳನ್ನು ಕೂಡಿಸಿ ಹೊಲಿಸಿದ ನನ್ನ ಸೀರೆ ಹುಟ್ಟುತ್ತಿರಲಿಲ್ಲ.

ಆ ಸೀರೆಯನ್ನು ಹೊಲಿದವರ ಬಗ್ಗೆ ಹೇಳಲೆಂದೇ ಇಷ್ಟೆಲ್ಲ ಬರೆಯಲು ಕೂತೆ. ತಮ್ಮ ಹೆಸರು ಹಾಕಬಾರದೆಂದು ಅವರು ಕೇಳಿಕೊಂಡಿರುವುದರಿಂದ, ನಾನು ಕರೆಯುವಂತೆ ಅಕ್ಕ ಎಂದೇ ಬರೆಯುತ್ತೇನೆ.

ಅಕ್ಕನನ್ನು ಮೊದಲು ಕಂಡದ್ದು 2002ರಲ್ಲಿ, ಶ್ರೀರಾಮಪುರದ ಒಂದು ಓಣಿಯಲ್ಲಿ. ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು ಇಟ್ಟ ಮೇಲೆ ತಿರುಗಲೂ ಜಾಗವಿಲ್ಲದ ಅಂಗಡಿ. ಬಾಗಿಲಿಗೆ ನೇತುಹಾಕಿದ ರವಿಕೆಗಳ ಸಾಲನ್ನು ಸರಿಸಿಕೊಂಡೇ ಒಳಗೆ ಹೋಗಬೇಕು. ಆರು ಮೊಳ ಉದ್ದದ ತೋಳುಗಳಿರುವ ಅಂಗಿ ಬೇಕೆಂದಾಗ ಅದಕ್ಕೆ ಮುಂಚೆ ಮೂವರು ದರ್ಜಿಗಳು ನನ್ನನ್ನು ವಾಪಸು ಕಳಿಸಿದ್ದರು. ಅಕ್ಕ ಯಾಕೆಂದು ಕೇಳಲಿಲ್ಲ. "ಇಷ್ಟುದ್ದದ ತೋಳು ಹಾಕ್ಕೊಂಡು ಕೈ ಮೇಲೆತ್ತಬೇಕಾ, ಇಳಿಬಿಟ್ಕೊಂಡೇ ಇರ್ತೀಯಾ?" ಎಂದಷ್ಟೇ ಕೇಳಿದರು. ಎತ್ತುವುದಾದರೆ ಕಂಕುಳಲ್ಲಿ ಬೇರೆ ತುಂಡು ಸೇರಿಸಬೇಕು, ಇಲ್ಲವಾದರೆ ಮೊದಲ ಸಲಕ್ಕೇ ಹರಿಯುತ್ತದೆ ಎಂದರು. ಗ್ಯಾಲರಿಗಳವರು, ವಿಮರ್ಶಕರು ನನ್ನ ಕೆಲಸದ ಅರ್ಥ ಕೇಳುತ್ತಿದ್ದ ಆ ದಿನಗಳಲ್ಲಿ, ಆ ಕೆಲಸದೊಳಗೆ ನನ್ನ ಕೈ ಹೇಗೆ ಆಡುತ್ತದೆಂದು ಕೇಳಿದವರು ಅವರೊಬ್ಬರೇ. ಅಂದಿನಿಂದ ನನ್ನ ಒಂದೊಂದು ಉಡುಪೂ ಅವರ ಕೈಯಲ್ಲೇ ಆಗಿದೆ. ಪ್ರತಿ ಸಲವೂ ಕೂಲಿ ತೆಗೆದುಕೊಂಡಿದ್ದಾರೆ, ಕೊಡಲು ನಾನು ತಡಮಾಡಿದಾಗ ನೆನಪಿಸಿದ್ದಾರೆ. ದುಡಿಮೆಯ ಲೆಕ್ಕವನ್ನೇ ಕಲೆಯಾಗಿ ಹಿಡಿದ ನನಗೆ ಅದು ಅತ್ಯಂತ ದೊಡ್ಡ ಗೌರವವೆಂದು ಅನ್ನಿಸಿದೆ.

ನಲವತ್ತು ಮನೆಗಳಿಂದ ಬೇಡಿ ತಂದ ಮಸಿಬಟ್ಟೆಗಳ ಮೂಟೆಯನ್ನು ಅವರ ಮುಂದೆ ಬಿಚ್ಚಿದ್ದು 2018ರಲ್ಲಿ. ಹಳೆಯ ಪಂಚೆಯ ಅಂಚು, ಮಗುವಿನ ಯೂನಿಫಾರ್ಮಿನ ತೋಳು, ಸವೆದ ನೈಟಿಯ ತುಂಡು, ಎಲ್ಲದರಲ್ಲೂ ಜಿಡ್ಡು. ಅಕ್ಕ ಒಂದೊಂದನ್ನೇ ಬೆಳಕಿಗೆ ಹಿಡಿದು, ಇದು ಹಾಲು ಉಕ್ಕಿದಾಗ ಒರೆಸಿದ್ದು, ಇದು ಬಾಣಲೆ ಇಳಿಸಿದ್ದು, ಈ ಮನೆಯವರು ಅರಿಶಿನ ಜಾಸ್ತಿ ಹಾಕ್ತಾರೆ ಎಂದು ಹೇಳುತ್ತಾ ಹೋದರು. ಒಂಬತ್ತು ಗಜದ ಸೀರೆಗೆ ಬೇಕಾದ ಅಳತೆಗೆ ಕೂಡಿಸುವಾಗ, ಕಲೆಯಿದ್ದ ಒಂದು ಕಡೆಗೂ ಅವರು ಕತ್ತರಿ ಹಾಕಲಿಲ್ಲ. ಅಂಚನ್ನು ಒಳಗೆ ಮಡಿಚಿ ಜಾಗ ಹೊಂದಿಸಿದರು. ಹಾಗೆ ಮಾಡೆಂದು ನಾನು ಹೇಳಿರಲಿಲ್ಲ.

ಇನ್ನು ಆ ವಿಡಿಯೋ ತುಣುಕು ಹರಡಿದ ರಾತ್ರಿ. ಸೀರೆಯನ್ನು ಪ್ರದರ್ಶನದ ಜಾಗದಿಂದ ತಕ್ಷಣ ತೆಗೆದುಕೊಂಡು ಹೋಗಬೇಕೆಂಬ ಸೂಚನೆ ಸಂಜೆ ಬಂದಿತ್ತು. ಆತುರದಲ್ಲಿ ಇಳಿಸುವಾಗ ಅದು ನಾಲ್ಕು ಕಡೆ ಹರಿದಿತ್ತು. ಒಂಬತ್ತು ಗಂಟೆಗೆ ಅಂಗಡಿ ಮುಚ್ಚಿ, ಎರಡು ಬಸ್ಸು ಬದಲಿಸಿ ಬಂದ ಅಕ್ಕ, ಅನ್ನ ಸಾರಿನ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಎಡೆಬಿಡದೆ ಹೊಡೆದುಕೊಳ್ಳುತ್ತಿದ್ದ ನನ್ನ ಫೋನನ್ನು ಆರಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಸೀರೆ ಎಲ್ಲಿ?" ಎಂದು ಕೇಳಿ, ಅಡುಗೆಮನೆಯ ನೆಲದ ಮೇಲೆ ಅದನ್ನು ಹರಡಿಕೊಂಡು ಕೂತರು.

ಆ ರಾತ್ರಿ ನನಗೆ ನನ್ನ ಮೈಯ ಮೇಲೆ ಹೇಸಿಗೆ ಹುಟ್ಟಿತ್ತು. ಹೆಣ್ಣಿನ ದೇಹ ನಾಚಿಕೆಯ ವಸ್ತುವಲ್ಲವೆಂದು ಅಷ್ಟು ವರ್ಷ ಸಾವಿರಾರು ಕಣ್ಣುಗಳೆದುರು ನಿಂತು ಹೇಳಿದ ನಾನು, ಯಾರೋ ಕಳಿಸಿದ ಸಂದೇಶಗಳನ್ನು ಓದಿ, ಬಚ್ಚಲಿಗೆ ಹೋಗಿ ಮೂರು ಸಲ ಮೈ ತೊಳೆದುಕೊಂಡಿದ್ದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಸುಮಾರು ಮೂರು ಗಂಟೆಗೆ ಸೀರೆಯನ್ನು ಸುಟ್ಟುಬಿಡುತ್ತೇನೆಂದೆ. ಅಕ್ಕ ತಲೆಯೆತ್ತದೆ, "ಸುಡೋದಾದ್ರೆ ಬೆಳಗ್ಗೆ ಸುಡೋಣ ಕಣಮ್ಮ, ಈಗ ಈ ಅಂಚು ಬಿಗಿಯಾಗಿ ಹಿಡ್ಕೋ" ಎಂದರು. ಹಿಡಿದುಕೊಂಡೆ. ನನ್ನ ಕೈ ನಡುಗುತ್ತಿದ್ದುದರಿಂದ ಹೊಲಿಗೆ ಅಲ್ಲಲ್ಲಿ ಸೊಟ್ಟಗಾಗಿದೆ.

ನಿದ್ದೆ ಬಾರದಿರಲೆಂದು ನಾನು ಅವರಿಗೆ ಕಲಾವಿದೆ ಯೊಕೊ ಓನೊ ಅವರ 'ಕಟ್ ಪೀಸ್' ಕೃತಿಯ ಬಗ್ಗೆ ಹೇಳಿದೆ: 1964ರಲ್ಲಿ ಜಪಾನಿನ ಕ್ಯೋಟೋದಲ್ಲಿ ಆಕೆ ವೇದಿಕೆಯ ಮೇಲೆ ಕತ್ತರಿಯೊಂದನ್ನು ಮುಂದಿಟ್ಟುಕೊಂಡು ಅಲುಗದೆ ಕೂತದ್ದು, ನೋಡಲು ಬಂದವರು ಒಬ್ಬೊಬ್ಬರಾಗಿ ಎದ್ದು ಬಂದು ಆಕೆಯ ಬಟ್ಟೆಯನ್ನು ತುಂಡು ತುಂಡಾಗಿ ಕತ್ತರಿಸಿಕೊಂಡು ಹೋದದ್ದು. ಅಕ್ಕ ಸೂಜಿಯನ್ನು ಹಾಗೇ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಮನೆಗೆ ಏನು ಹಾಕ್ಕೊಂಡು ಹೋದ್ರು ಪಾಪ?" ಆ ಕೃತಿಯನ್ನು ವರ್ಷಗಟ್ಟಲೆ ಪಾಠ ಮಾಡಿದ ನನಗೆ ಒಮ್ಮೆಯೂ ಹೊಳೆಯದ ಪ್ರಶ್ನೆ ಅದು. ಬೆಳಗಾಗುವಷ್ಟರಲ್ಲಿ ನಾಲ್ಕೂ ಹರಕು ಕೂಡಿಕೊಂಡಿತ್ತು. ಅವರ ಚೀಲದಲ್ಲಿ ಆ ಹೊತ್ತಿಗೆ ಇದ್ದದ್ದು ಕೆಂಪು ದಾರ ಮಾತ್ರ.

ಈ ಸಲದ ಪ್ರದರ್ಶನದಲ್ಲಿ ಆ ಕೆಂಪು ಹೊಲಿಗೆಯ ಮುಂದೆ ನಿಂತು, ಕಲಾವಿದೆಯ ಕಲ್ಪನೆ ಎಷ್ಟು ಚೆನ್ನಾಗಿದೆಯೆಂದು ಹಲವರು ಮೆಚ್ಚಿಕೊಂಡರು. ಅವರಲ್ಲಿ ನನ್ನ ಕೈಗೆ ಸಿಕ್ಕಿದವರಿಗೆಲ್ಲ ನಿಜ ಹೇಳಿದ್ದೇನೆ. ಸಿಗದವರು ಇದನ್ನು ಓದಲಿ.

ದೂರು ಬರೆಯುವುದರಿಂದ ಹಿಡಿದು ಕೊನೆಯವರೆಗೂ ಶುಲ್ಕ ಕೇಳದೆ ನಡೆದುಕೊಂಡ ವಕೀಲ ಗೆಳತಿ, ಛಾಯಾಚಿತ್ರಗಳನ್ನು ಕಾದಿಟ್ಟ ಇಬ್ಬರು ಗೆಳೆಯರು, ಮೈಸೂರಿನಿಂದಲೂ ಧಾರವಾಡದಿಂದಲೂ ಬಂದ ವಿದ್ಯಾರ್ಥಿಗಳು, ವಿಷಯ ಗೊತ್ತಾಗಿಯೂ ಒಂದು ಮಾತು ಕೇಳದೆ ಬಾಗಿಲ ಬಳಿ ಮಲಗುತ್ತಿದ್ದ ನನ್ನ ಅಣ್ಣ, ಮತ್ತು ತಮ್ಮ ಮಸಿಬಟ್ಟೆಗಳನ್ನು ಸಂಕೋಚಪಟ್ಟುಕೊಂಡೇ ಕೊಟ್ಟ ನಲವತ್ತು ಮನೆಗಳ ಹೆಂಗಸರು, ನಿಮಗೆಲ್ಲ ನಾನು ಋಣಿ.

ಪ್ರದರ್ಶನ ಮುಗಿದ ಮಾರನೆಯ ದಿನ ಅಂಗಡಿಗೆ ಹೋಗಿದ್ದೆ. ಅಕ್ಕನ ಅಳತೆ ಪುಸ್ತಕದಲ್ಲಿ ನನ್ನದೊಂದು ಪುಟವಿದೆ. ಎದೆ, ಸೊಂಟ, ತೋಳು, ಭುಜ, ಎಲ್ಲವೂ ಇಂಚಿನಲ್ಲಿ. ಒಂದು ಸಂಖ್ಯೆಯನ್ನು ಹೊಡೆದು ಪಕ್ಕದಲ್ಲಿ ಇನ್ನೊಂದು, ಅದನ್ನೂ ಹೊಡೆದು ಮತ್ತೊಂದು, 2002ರಿಂದ ಹೀಗೇ. ಬಾಣಂತನದ ವರ್ಷ ಅಲ್ಲಿದೆ, ಆ ರಾತ್ರಿಯ ಮುಂದಿನ ತಿಂಗಳುಗಳಲ್ಲಿ ಇಳಿದುಹೋದ ಮೈಯೂ ಅಲ್ಲಿದೆ. ಅಕ್ಕ ಟೇಪು ಹಿಡಿದು ಮತ್ತೆ ಅಳೆದರು. "ಎಡಗಡೆ ಭುಜ ಸ್ವಲ್ಪ ಇಳಿದಿದೆ ನೋಡು, ಅಲ್ಲಿಗೊಂದು ಪದರ ಕೊಡ್ತೀನಿ" ಎಂದು ಹಳೆಯ ಸಂಖ್ಯೆಯ ಮೇಲೆ ಗೆರೆ ಎಳೆದು ಹೊಸದನ್ನು ಬರೆದುಕೊಂಡು, ಮುಂದಿನ ಶನಿವಾರ ಹಾಕಿ ನೋಡಲು ಬರಲು ಹೇಳಿದ್ದಾರೆ.