ಕ್ಲೌನ್ ಮೀನಿನ ಮರಿಗಳಿಗೆ ಬೀದರಿನಿಂದ ಆಹಾರ ಸಿಗಲಿ

ಮಾನ್ಯ ಸಂಪಾದಕರೇ,

ಕಲಬುರಗಿಯಂಥ ಒಳನಾಡಿನ ಊರಿನಲ್ಲಿ ಸಮುದ್ರದ ಮೀನು ಸಾಕುವುದೇ ಹುಚ್ಚುತನ, ಕ್ಲೌನ್ ಮೀನನ್ನು ಮನೆಯಲ್ಲಿ ಮರಿ ಮಾಡಿಸುವುದಂತೂ ಆಗದ ಮಾತು ಎಂಬ ಅಭಿಪ್ರಾಯ ಇಲ್ಲಿನ ಅಕ್ವೇರಿಯಂ ಅಂಗಡಿಯವರಲ್ಲೂ ಗಿರಾಕಿಗಳಲ್ಲೂ ಬೇರೂರಿದೆ. ಈ ಹವ್ಯಾಸದಲ್ಲಿ ತೊಡಗಿರುವ ನಾನು ಇದನ್ನು ಒಪ್ಪಲಾರೆ. ಕಡಲು ದೂರವಿರುವುದು ನಮಗೆ ಅಡ್ಡಿಯೇ ಅಲ್ಲ. ನಿಜವಾದ ಅಡ್ಡಿ ಮರಿಗಳ ಮೊದಲ ವಾರದ ಆಹಾರ, ಮತ್ತು ಅದನ್ನು ನಿವಾರಿಸಬಲ್ಲ ಸಂಸ್ಥೆ ನೆರೆಯ ಬೀದರಿನಲ್ಲಿಯೇ ಇದೆ.

ಕಡಲ ತೀರದ ನಗರಗಳಲ್ಲಿಯೂ ಅನೇಕ ಹವ್ಯಾಸಿಗಳು ದಂಡೆಯ ಕೊಳಕು ನೀರಿಗೆ ಹೆದರಿ, ಆರ್‌ಒ ನೀರಿಗೆ ಲೀಟರಿಗೆ 30ರಿಂದ 35 ಗ್ರಾಂನಷ್ಟು, ಸಮುದ್ರ ಮೀನಿನ ತೊಟ್ಟಿಗೆಂದೇ ತಯಾರಿಸಿದ ಉಪ್ಪನ್ನು ಬೆರೆಸಿಯೇ ಬಳಸುತ್ತಾರೆ. ನಾವು ಮಾಡಬೇಕಾದದ್ದೂ ಅಷ್ಟೇ. ನಮ್ಮ ಗಡಸು ಬೋರ್‌ವೆಲ್ ನೀರನ್ನು ಮಾತ್ರ ತೊಟ್ಟಿಯ ಹತ್ತಿರ ತರಬಾರದು. ಕ್ಲೌನ್ ಮೀನಿಗೆ 26ರಿಂದ 28 ಡಿಗ್ರಿಯ ನೀರು ಹಿತ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಅದನ್ನು ಕಾಯ್ದುಕೊಳ್ಳುವುದು ಕಷ್ಟವೆಂಬುದು ದಿಟ. ಆದರೆ ನಮ್ಮದು ಒಣ ಬಿಸಿಲು. ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ತಿರುಗಿಸಿದರೆ ನೀರು ಬೇಗ ಆವಿಯಾಗಿ ತೊಟ್ಟಿ ತಣಿಯುತ್ತದೆ. ಗಾಳಿಯಲ್ಲಿ ತೇವ ತುಂಬಿರುವ ಕರಾವಳಿಯವರಿಗೆ ಈ ಅನುಕೂಲ ಇಷ್ಟರಮಟ್ಟಿಗೆ ಒದಗುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಸಾದಾ ಆರ್‌ಒ ನೀರನ್ನೇ ಪ್ರತಿದಿನ ತುಂಬಬೇಕಾಗುತ್ತದೆ.

ಜೋಡಿ ಕೂಡಿಸುವುದು ಇನ್ನೂ ಸುಲಭ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದಾದ ಮೀನು ಹೆಣ್ಣಾಗುತ್ತದೆ, ಅದು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗುತ್ತದೆ. ಹಾಗಾಗಿ ಎರಡು ಚಿಕ್ಕ ಮೀನುಗಳನ್ನು ತಂದು ಒಟ್ಟಿಗೆ ಬೆಳೆಸಿದರೆ ಸಾಕು, ಜೋಡಿ ತಾನಾಗಿಯೇ ಕೂಡುತ್ತದೆ. ಕಡಲಿನಲ್ಲಿ ಈ ಮೀನುಗಳು ಆಸರೆ ಪಡೆಯುವ ಸೀ ಅನಿಮೋನ್ ಎಂಬ ಜೀವಿ ತೊಟ್ಟಿಯಲ್ಲಿ ಇರಲೇಬೇಕೆಂದಿಲ್ಲ. ಮಣ್ಣಿನ ಕುಂಡವನ್ನೋ ಟೈಲ್ಸಿನ ತುಂಡನ್ನೋ ಇಟ್ಟರೂ ಅದರ ಮೇಲೆ ನೂರಾರು ಮೊಟ್ಟೆಗಳನ್ನು ಇಡುತ್ತವೆ. ಗಂಡು ಮೀನು ರೆಕ್ಕೆಯಿಂದ ನೀರು ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ತೆಗೆಯುತ್ತ ಕಾವಲು ನಿಲ್ಲುತ್ತದೆ. ಕಿತ್ತಳೆ ಬಣ್ಣದ ಮೊಟ್ಟೆಗಳೊಳಗೆ ಬೆಳ್ಳಿಯಂತೆ ಹೊಳೆಯುವ ಕಣ್ಣುಗಳು ಮೂಡಿ, ಮೊಟ್ಟೆ ಇಟ್ಟ ಸುಮಾರು ಏಳರಿಂದ ಹತ್ತು ದಿನಗಳೊಳಗೆ, ದೀಪ ಆರಿಸಿದ ಮೇಲಿನ ಕತ್ತಲೆಯಲ್ಲಿ ಮರಿಗಳು ಹೊರಬರುತ್ತವೆ.

ತೊಡಕು ಆರಂಭವಾಗುವುದು ಇಲ್ಲಿಂದ. ಮೂರು-ನಾಲ್ಕು ಮಿಲಿಮೀಟರ್ ಉದ್ದದ ಆ ಮರಿಗಳು ಮುಂದೆ ಚಲಿಸುವ ಅತಿ ಸಣ್ಣ ಜೀವಿಗಳನ್ನು ಮಾತ್ರ ತಿನ್ನುತ್ತವೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ, ಆರ್ಟೀಮಿಯ ಎಂಬ ಸಣ್ಣ ಸಿಗಡಿಯಂಥ ಜೀವಿಯ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ಬಾಳುತ್ತವೆ, ಉಪ್ಪು ನೀರಿಗೆ ಹಾಕಿದರೆ ಒಂದು ದಿನದಲ್ಲಿ ಒಡೆಯುತ್ತವೆ. ಆದರೆ ಆರ್ಟೀಮಿಯ ಮರಿಯೂ ಹೊಸ ಕ್ಲೌನ್ ಮರಿಯ ಬಾಯಿಗೆ ದೊಡ್ಡದು. ಸುಮಾರು ಒಂದು ವಾರ ಕಳೆಯುವವರೆಗೆ ಅವುಗಳಿಗೆ ಬೇಕಾದದ್ದು ರೋಟಿಫರ್ ಎಂಬ ಅತಿ ಸೂಕ್ಷ್ಮ ನೀರಿನ ಜೀವಿ, ಆ ರೋಟಿಫರ್‌ಗೆ ಬೇಕಾದದ್ದು ನ್ಯಾನೊಕ್ಲೊರಾಪ್ಸಿಸ್ ಎಂಬ ಸೂಕ್ಷ್ಮ ಹಸಿರು ಪಾಚಿ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಕಲಸಿ ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಅದರಿಂದ ನೀರು ಕೊಳೆಯುತ್ತದೆಯೇ ಹೊರತು ಮರಿ ಉಳಿಯುವುದಿಲ್ಲ. ದೂರದ ಊರಿನಿಂದ ಕೊರಿಯರ್‌ನಲ್ಲಿ ತರಿಸಿದ ಜೀವಂತ ರೋಟಿಫರ್ ನಮ್ಮ ಬಿಸಿಲಿಗೆ ದಾರಿಯಲ್ಲಿಯೇ ಸಾಯುವುದುಂಟು. ಬದುಕಿ ಬಂದರೂ ಸಾಕಣೆ ಒಮ್ಮೆ ಕೆಟ್ಟರೆ ಹೆಪ್ಪಿಗೆ ಮೊಸರು ಕೇಳುವಂತೆ ಕೇಳಲು ಇಲ್ಲಿ ನೆರೆಮನೆಯೂ ಇಲ್ಲ.

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರಿನಲ್ಲಿದೆ; ನಾನು ಮೊದಲೇ ಹೇಳಿದ ಸಂಸ್ಥೆ ಇದೇ. ಅದಕ್ಕೆ ಸೇರಿದ, 1969ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿದೆ. ಕ್ಲೌನ್ ಮೀನಿನ ಮರಿ ಉತ್ಪಾದನೆ ಹೊಸ ಸಂಶೋಧನೆಯೂ ಅಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅದರ ವಿಧಾನವನ್ನು ಈಗಾಗಲೇ ರೂಪಿಸಿದೆ. ಆದ್ದರಿಂದ ವಿಶ್ವವಿದ್ಯಾಲಯವು ಬೀದರಿನ ತನ್ನ ಆವರಣದ ಒಂದು ಕೊಠಡಿಯಲ್ಲಿ ಪಾಚಿ ಮತ್ತು ರೋಟಿಫರ್‌ಗಳ ಮೂಲ ಸಾಕಣೆಯನ್ನು ಇಟ್ಟುಕೊಂಡು, ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಆಸಕ್ತರಿಗೆ ಅಲ್ಪ ಬೆಲೆಗೆ ಕೊಡಬೇಕೆಂದು ವಿನಂತಿಸುತ್ತೇನೆ. ಒಂದು ಬಾಟಲಿಯಷ್ಟು ಸಿಕ್ಕರೂ ಕೆಲವೇ ದಿನಗಳಲ್ಲಿ ಬಕೆಟ್ ತುಂಬ ಬೆಳೆಸಿಕೊಳ್ಳಬಹುದು.

ಬರಗಾಲದ ಜಿಲ್ಲೆಗಳಲ್ಲಿ ಎಮ್ಮೆ, ಕುರಿಗಳ ಚಿಂತೆ ಬಿಟ್ಟು ಅಲಂಕಾರದ ಮೀನಿನ ಮಾತೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಇದಕ್ಕೆ ತಗಲುವುದು ಕೆಲವು ಗಾಜಿನ ಜಾಡಿ, ಟ್ಯೂಬ್‌ಲೈಟ್ ಮತ್ತು ಏರ್ ಪಂಪುಗಳ ಖರ್ಚು. ಮನೆಯಲ್ಲಿ ಹುಟ್ಟಿದ ಮೀನು ಸಿಕ್ಕರೆ ಹವಳದ ದಿಬ್ಬಗಳಿಂದ ಹಿಡಿದು ತಂದ ಮೀನನ್ನು ಕೊಳ್ಳುವ ಅಗತ್ಯವೂ ಅಷ್ಟು ತಗ್ಗುತ್ತದೆ. ಇದರಿಂದ ಲಕ್ಷಾಂತರ ರೂಪಾಯಿ ಗಳಿಸಬಹುದೆಂದು ನಾನು ಹೇಳುವುದಿಲ್ಲ. ನಮ್ಮ ಭಾಗದಲ್ಲಿ ಕೊಳ್ಳುವವರು ಕಡಿಮೆ, ಹಾಗೆ ಆಸೆ ಹುಟ್ಟಿಸುವ ಜಾಹೀರಾತುಗಳನ್ನು ನಂಬಬಾರದು.

ವಿತರಣೆಯನ್ನು ಚಳಿಗಾಲದಲ್ಲಿ ಆರಂಭಿಸುವುದು ಲೇಸು. ಬೀದರ್–ಕಲಬುರಗಿ ರೈಲು ಮಾರ್ಗ 2017ರಿಂದ ಇರುವುದರಿಂದ, ಮುಂಜಾನೆ ಅಲ್ಲಿ ತುಂಬಿಸಿಕೊಂಡ ಬಾಟಲಿಯನ್ನು ಅದೇ ದಿನ ಇಲ್ಲಿಗೆ ತರಲು ತೊಂದರೆಯಾಗದು.

ಇತಿ,
ತಮ್ಮ ಓದುಗ,
ಕಲಬುರಗಿ