ಕೊಂಬೆ ಸವರುವಾಗ ಬುಡದ ಉಬ್ಬು ಉಳಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರದ ಗಾಳಿ ಮಳೆಗೆ ಧಾರವಾಡದ ನಮ್ಮ ಬಡಾವಣೆಯಲ್ಲಿ ಗುಲ್‌ಮೊಹರ್ ಮರದ ಕೊಂಬೆ ಬಿದ್ದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಎರಡು ಬೈಕು ಜಖಂ ಆದವು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಹಳೆಯ ಮರ, ಬಿರುಗಾಳಿ ತಡೆಯಲಿಲ್ಲ ಎಂದು ಸುದ್ದಿಯಲ್ಲಿತ್ತು. ಆ ಮರ ನನ್ನ ನರ್ಸರಿಯಿಂದ ಕೂಗಳತೆ ದೂರದಲ್ಲಿದೆ. ಮಾರನೇ ದಿನ ಬೆಳಿಗ್ಗೆ ಹೋಗಿ ಮುರಿದ ತುದಿಯನ್ನು ಕೈಯಿಂದ ಮುಟ್ಟಿ ನೋಡಿದೆ. ಅಲ್ಲಿ ಕಂಡದ್ದನ್ನು ಬರೆಯಲೇಬೇಕು ಅನ್ನಿಸಿತು.

ಏಳು ವರ್ಷದ ಹಿಂದೆ ತಂತಿಗೆ ತಾಗುತ್ತದೆ ಎಂದು ಆ ಕೊಂಬೆಯನ್ನು ನಡುವಿನಲ್ಲೇ ಕಡಿದಿದ್ದರು. ಮೊಳಕೈ ಉದ್ದದ ಮೋಟು ಉಳಿದಿತ್ತು. ಮುಂದಿನ ಮಳೆಗೆ ಮೋಟಿನ ಸುತ್ತ ಐದಾರು ಚಿಗುರು ಬಂದವು. ಅದರಲ್ಲೊಂದು ತೊಡೆ ಗಾತ್ರ ಬೆಳೆಯಿತು. ಮೊನ್ನೆ ಮುರಿದದ್ದು ಅದೇ. ಮುರಿದ ಜಾಗದಲ್ಲಿ ಹೊರಗಡೆ ನಾಲ್ಕು ಬೆರಳು ದಪ್ಪ ಬಿಳಿ ಮರ ಇತ್ತು, ಗಟ್ಟಿಯಾಗಿ. ಅದರ ಒಳಗೆ ಕಪ್ಪನೆಯ ಒಂದು ಗೆರೆ. ಗೆರೆಯ ಆಚೆ ಎಲ್ಲ ಕಾಫಿ ಪುಡಿಯ ಹಾಗೆ ಕಂದು. ಬೆರಳಲ್ಲಿ ಕೆದಕಿದರೆ ಉದುರುತ್ತಿತ್ತು. ಆ ಪುಡಿ ಎಷ್ಟು ಅಗಲ ಇತ್ತೆಂದರೆ, ಏಳು ವರ್ಷದ ಹಿಂದೆ ಕಡಿದಾಗ ಆ ಮೋಟು ಎಷ್ಟು ದಪ್ಪ ಇತ್ತೋ ಅಷ್ಟೇ. ಕಡಿದ ದಿನ ಇದ್ದ ಮರವೆಲ್ಲ ಕೊಳೆತಿತ್ತು. ಆಮೇಲೆ ಹುಟ್ಟಿದ ಮರಕ್ಕೆ ಏನೂ ಆಗಿರಲಿಲ್ಲ.

ನಾನು ಕಸಿ ಕಟ್ಟುವವನು. ಮಾವು, ಚಿಕ್ಕು, ಪೇರಲ, ದಾಳಿಂಬೆ ಇವುಗಳ ಜೊತೆ 30 ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ನನ್ನ ಕೆಲಸವೇ ಗಿಡಕ್ಕೆ ಗಾಯ ಮಾಡುವುದು, ಅದು ಕೂಡುವ ತನಕ ಕಾಯುವುದು. ಅದಕ್ಕೇ ಇದನ್ನು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ನಮ್ಮ ಚರ್ಮಕ್ಕೆ ಗಾಯವಾದರೆ ಅದೇ ಜಾಗದಲ್ಲಿ ಹೊಸ ಚರ್ಮ ಬರುತ್ತದೆ. ಮರಕ್ಕೆ ಹಾಗಾಗುವುದಿಲ್ಲ. ಒಮ್ಮೆ ಹಾಳಾದ ಮರದ ಭಾಗವನ್ನು ಅದು ರಿಪೇರಿ ಮಾಡುವುದಿಲ್ಲ. ಅದರ ಸುತ್ತ ಗೋಡೆ ಕಟ್ಟುತ್ತದೆ. ಕೊಳೆ ಆ ಗೋಡೆ ದಾಟಬಾರದು, ಅಷ್ಟೇ. ನಾನು ನೋಡಿದ ಕಪ್ಪು ಗೆರೆ ಆ ಗೋಡೆ. ಗೋಡೆಯ ಹೊರಗೆ ಮರ ತನ್ನ ಪಾಡಿಗೆ ಹೊಸದಾಗಿ ಬೆಳೆಯುತ್ತಾ ಗಾಯದ ಬಾಯಿ ಮುಚ್ಚುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡಿ 1977ರಲ್ಲಿ ಇದನ್ನು ವಿವರವಾಗಿ ಬರೆದರು. ನಮ್ಮ ಬೀದಿಯಲ್ಲಿ ಬಿದ್ದಿದ್ದ ತುಂಡಿನಲ್ಲಿ ಅವರು ಹೇಳಿದ್ದೆಲ್ಲ ಕಾಣುತ್ತಿತ್ತು.

ಈ ಹೊಸ ಬೆಳವಣಿಗೆ ಎಲ್ಲಿಂದ ಬರುತ್ತದೆ ಎನ್ನುವುದು ಕಸಿ ಕಟ್ಟುವವರಿಗೆ ಚೆನ್ನಾಗಿ ಗೊತ್ತು. ಮಾವಿನ ಬೇರುಸಸಿಯ ತುದಿ ಕತ್ತರಿಸಿ, ನಡುವೆ ಸೀಳಿ, ಆಪೂಸಿನ ಕುಡಿಯನ್ನು ಬೆಣೆಯ ಹಾಗೆ ಚೂಪು ಮಾಡಿ ಕೂರಿಸುತ್ತೇವೆ. ಆಗ ನೋಡಬೇಕಾದದ್ದು ತೊಗಟೆಯ ಅಡಿಯಲ್ಲಿರುವ ಜಾರುವಂಥ ತೆಳು ಪದರ. ಕ್ಯಾಂಬಿಯಂ ಎನ್ನುತ್ತಾರಲ್ಲ, ಅದೇ. ಕುಡಿಯ ಪದರ ಸಸಿಯ ಪದರಕ್ಕೆ ಒಂದು ಬದಿಯಲ್ಲಾದರೂ ತಾಗಬೇಕು. ಎರಡೂ ಬದಿ ತಪ್ಪಿತೋ, ಎಷ್ಟು ಬಿಗಿಯಾಗಿ ಪಟ್ಟಿ ಸುತ್ತಿದರೂ ಕುಡಿ ಒಣಗುತ್ತದೆ. ತಾಗಿದರೆ ಮೂರು ನಾಲ್ಕು ವಾರದಲ್ಲಿ ಕುಡಿಯ ಮೊಗ್ಗು ಉಬ್ಬುತ್ತದೆ. ಪಟ್ಟಿ ಬಿಚ್ಚಿದಾಗ ಸೇರಿದ ಜಾಗದಲ್ಲಿ ತಿಳಿ ಬಣ್ಣದ, ಗುಳ್ಳೆ ಗುಳ್ಳೆಯಾದ ಒಂದು ಗಂಟು ಇರುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ಅದನ್ನು ಉಗುರಿನಿಂದ ಮುಟ್ಟಲೂ ಬಿಡುತ್ತಿರಲಿಲ್ಲ. "ಅದಿನ್ನೂ ಹಸುಗೂಸು, ಮುಟ್ಟಬ್ಯಾಡ" ಅನ್ನುತ್ತಿದ್ದರು.

ಅವರು ಹೇಳಿದ್ದು ನಿಜವೇ ಆಗಿತ್ತು. ಗಾಯವಾದ ಕಡೆ ಜೀವಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು ಮತ್ತೆ ಎಳೆಯವಾಗುತ್ತವೆ. ಆಮೇಲೆ ಬೇರಾಗಬಹುದು, ಚಿಗುರಾಗಬಹುದು, ನೀರು ಸಾಗಿಸುವ ನಾಳ ಆಗಬಹುದು. ಗಾಯವಾದಾಗ ಚಾಲೂ ಆಗಿ ಈ ಬದಲಾವಣೆ ಶುರು ಮಾಡುವ ಒಂದು ಜೀನನ್ನು ಜಪಾನಿನ ರೈಕೆನ್ ಸಂಸ್ಥೆಯವರು 2011ರಲ್ಲಿ ಸಾಸಿವೆ ಜಾತಿಯ ಒಂದು ಪುಟ್ಟ ಗಿಡದಲ್ಲಿ ಗುರುತಿಸಿದರು. ವಿಂಡ್-1 ಎಂದು ಅದರ ಹೆಸರು. ಅದಕ್ಕೂ ಬಹಳ ಹಿಂದೆ, 1957ರಲ್ಲಿ, ಸ್ಕೂಗ್ ಮತ್ತು ಮಿಲ್ಲರ್ ಎಂಬಿಬ್ಬರು ತಂಬಾಕು ಗಿಡದ ಇಂಥದ್ದೇ ಗಂಟನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ್ದರು. ಆಕ್ಸಿನ್, ಸೈಟೋಕೈನಿನ್ ಎನ್ನುವುದು ಗಿಡದ ಬೆಳವಣಿಗೆ ನಡೆಸುವ ಎರಡು ಹಾರ್ಮೋನು. ಆಕ್ಸಿನ್ ಜಾಸ್ತಿ ಕೊಟ್ಟರೆ ಬೇರು, ಸೈಟೋಕೈನಿನ್ ಜಾಸ್ತಿ ಕೊಟ್ಟರೆ ಚಿಗುರು ಎಂದು ತೋರಿಸಿದರು. ಇವತ್ತು ರೈತರು ಟಿಶ್ಯೂ ಕಲ್ಚರ್ ಬಾಳೆ ಹಾಕುತ್ತಾರಲ್ಲ, ಜಿ-9 ತಳಿ, ಆ ಸಸಿಗಳನ್ನು ಬಾಟಲಿಯಲ್ಲಿ ಮಾಡುವಾಗಲೂ ಇದೇ ಲೆಕ್ಕ.

ಇಷ್ಟು ಶಕ್ತಿ ಇದ್ದ ಮೇಲೆ ಎಲ್ಲಿ ಕಡಿದರೇನು, ಚಿಗುರುತ್ತದಲ್ವಾ ಎಂದು ಜನ ಕೇಳುತ್ತಾರೆ. ಮರ ಬೋಳಿಸಿದವರೂ ಅದನ್ನೇ ಹೇಳುತ್ತಾರೆ. "ನೋಡ್ರಿ, ಎಷ್ಟು ಚಲೋ ಚಿಗುರೇತಿ" ಅಂತ ಕೈ ತೋರಿಸುತ್ತಾರೆ. ಆ ಚಿಗುರು ನೋಡಿದಾಗ ನನಗೆ ಸಂಕಟ ಆಗುತ್ತದೆ. ಮರದ ತುದಿ ಇರುವ ತನಕ ಅಲ್ಲಿಂದ ಆಕ್ಸಿನ್ ಕೆಳಗೆ ಇಳಿದು ತೊಗಟೆಯೊಳಗಿನ ಮೊಗ್ಗುಗಳನ್ನು ಮಲಗಿಸಿ ಇಡುತ್ತದೆ. ತುದಿ ಹೋದರೆ ಎಲ್ಲ ಒಮ್ಮೆಗೇ ಏಳುತ್ತವೆ. ಎಲೆ ಇಲ್ಲದ ಮರಕ್ಕೆ ಅಡುಗೆ ಮನೆಯೇ ಇಲ್ಲ. ಬೇರಿನಲ್ಲಿ, ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನು ತೆಗೆದು ಆ ಚಿಗುರುಗಳಿಗೆ ಹಾಕುತ್ತದೆ. ಹಸಿವಿಗೆ ಮನೆಯ ಬೀಜದ ಕಾಳನ್ನೇ ಕುದಿಸಿ ತಿಂದ ಹಾಗೆ. ಎರಡು ವರ್ಷಕ್ಕೊಮ್ಮೆ ಹೀಗೆ ಬೋಳಿಸಿದರೆ ಗೋಡೆ ಕಟ್ಟಲು, ಗಾಯ ಮುಚ್ಚಲು ಅದರ ಹತ್ತಿರ ಏನು ಉಳಿದಿರುತ್ತದೆ?

ಇನ್ನೊಂದು ತೊಂದರೆ ಇದೆ. ಹುಟ್ಟಿನಿಂದ ಬಂದ ಕೊಂಬೆಯ ಬುಡ ಕಾಂಡದೊಳಗೆ ಆಳವಾಗಿ ಹೂತಿರುತ್ತದೆ. ವರ್ಷ ವರ್ಷ ಕಾಂಡ ಬೆಳೆದಂತೆ ಅದನ್ನು ಹಿಡಿದುಕೊಂಡೇ ಬೆಳೆದಿರುತ್ತದೆ. ಮೋಟಿನ ಮೇಲೆ ಎದ್ದ ಚಿಗುರಿಗೆ ಆ ಹಿಡಿತ ಇರುವುದಿಲ್ಲ. ಹೊರಗಿನ ಪದರಕ್ಕೆ ಮಾತ್ರ ಅಂಟಿಕೊಂಡು ದಪ್ಪವಾಗುತ್ತದೆ, ಒಳಗೆ ಮೋಟು ಕೊಳೆಯುತ್ತಿರುತ್ತದೆ. ಗುಲ್‌ಮೊಹರ್ ಕೊಂಬೆ ಬಿದ್ದದ್ದು ಹೀಗೆ.

ಹಾಗಾದರೆ ಎಲ್ಲಿ ಕಡಿಯಬೇಕು? ಕೊಂಬೆ ಕಾಂಡಕ್ಕೆ ಸೇರುವ ಕಡೆ ಒಂದು ಉಬ್ಬು ಇರುತ್ತದೆ, ಅಂಗಿಯ ಕಾಲರ್ ಹಾಗೆ ಸುತ್ತುವರಿದು. ಬೇವಿನಲ್ಲಿ, ಮಾವಿನಲ್ಲಿ ಚೆನ್ನಾಗಿ ಕಾಣುತ್ತದೆ. ಕಾಣದಿದ್ದರೆ ಕೈಯಾಡಿಸಿದರೆ ಸಿಗುತ್ತದೆ. ಗೋಡೆ ಕಟ್ಟುವ, ಬಾಯಿ ಮುಚ್ಚುವ ಸಾಮಾನೆಲ್ಲ ಅಲ್ಲಿದೆ. ಆ ಉಬ್ಬಿಗೆ ತಾಗಿಸಿ, ಅದರ ಹೊರಗೆ ಕಡಿಯಬೇಕು. ಮೋಟು ಬಿಡಬಾರದು. ನೀಟಾಗಿ ಕಾಣಲಿ ಎಂದು ಕಾಂಡಕ್ಕೆ ಸಪಾಟಾಗಿ ಸವರಲೂ ಬಾರದು, ಉಬ್ಬೇ ಹೋದರೆ ಮುಚ್ಚುವವರಾರು? ದೊಡ್ಡ ಕೊಂಬೆಯಾದರೆ ಮೊದಲು ಒಂದು ಗೇಣು ಆಚೆ ಕೆಳಗಿನಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ಅದಕ್ಕಿಂತ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಉಳಿದ ಮೋಟನ್ನು ಕೊನೆಗೆ ಉಬ್ಬಿನ ಹತ್ತಿರ ತೆಗೆಯಬೇಕು. ಹೀಗೆ ಮಾಡದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಮಾರುದ್ದ ಸೀಳಿಕೊಂಡು ಬೀಳುತ್ತದೆ. ಇದಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು.

ನಮ್ಮ ನರ್ಸರಿ ಮುಂದೆ ಒಂದು ಬೇವಿನ ಮರವಿದೆ. ಆರು ವರ್ಷದ ಹಿಂದೆ ತಂತಿ ಕೆಲಸದವರು ಬಂದು ಒಂದು ಕೊಂಬೆಯನ್ನು ಮೋಟು ಬಿಟ್ಟು ಕಡಿದರು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ನಾನು ಓಡಿ ಹೋಗಿ ಕೇಳಿಕೊಂಡೆ, ಗರಗಸ ಕೊಡಿ, ನಾನು ತೆಗೆಯುತ್ತೇನೆ ಎಂದು. ಒಳ್ಳೆಯ ಹುಡುಗರು, ಕೊಟ್ಟರು. ಎರಡೂ ಗಾಯ ಹೆಚ್ಚು ಕಡಿಮೆ ಒಂದೇ ಅಳತೆ, ತೆಂಗಿನ ಚಿಪ್ಪಿನ ಬಾಯಿಯಷ್ಟು. ಉಬ್ಬು ಉಳಿಸಿ ಕಡಿದ ಕಡೆ ಮೊದಲ ವರ್ಷವೇ ಅಂಚಿನ ಸುತ್ತ ತುಟಿ ಎದ್ದಿತು. ಈಗ ಅದು ಕೋಡುಬಳೆಯ ಹಾಗೆ ದುಂಡಗೆ ಮಡಚಿಕೊಂಡು ಒಳಗೆ ಬಂದಿದೆ. ಮೋಟು ಬಿಟ್ಟ ಕಡೆ ತೊಗಟೆ ಉದುರಿ, ಬಿರುಕು ಬಿಟ್ಟು, ಗೆದ್ದಲು ಮಣ್ಣು ಹತ್ತಿದೆ. ಮರ ಒಂದೇ, ಮಳೆ ಒಂದೇ, ಗಾಯ ಮಾಡಿದ ದಿನವೂ ಒಂದೇ.

2024ರ ಬೇಸಿಗೆಯನ್ನೂ ಇಲ್ಲಿ ನೆನೆಯಬೇಕು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಬಿಸಿಲು ಸುಡುತ್ತಿತ್ತು. ಬೇವಿನ ಆ ತುಟಿ ಆ ವರ್ಷ ಬೆಳೆದದ್ದು ನೂಲಿನಷ್ಟು. ಬಾಯಾರಿದ ಮರ ಮೊದಲು ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ಎಲೆ ಉದುರಿಸುತ್ತದೆ, ಇರುವ ನೀರು ಕಾಪಾಡಿಕೊಳ್ಳುತ್ತದೆ. ಗಾಯದ ಕೆಲಸ ಹಿಂದೆ ಬೀಳುತ್ತದೆ. ಅಂಥ ವರ್ಷದಲ್ಲೂ ಎಂದಿನಂತೆ ಬೋಳಿಸಿದ್ದು ನೋಡಿ ಹೊಟ್ಟೆ ಉರಿಯಿತು. ಬುಡಕ್ಕೆ ಸಿಮೆಂಟ್ ಹಾಕಿದ ಮರಗಳಿಗಂತೂ ಪ್ರತಿ ವರ್ಷವೂ ಬರಗಾಲವೇ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶ ಮಾಡಿದೆ. ನಮ್ಮ ಊರಲ್ಲೂ ಅದನ್ನು ಪಾಲಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ತೆಂಗು, ಅಡಿಕೆಯ ಬಗ್ಗೆ ಬೇರೆಯಾಗಿ ಹೇಳಬೇಕು. ಇವಕ್ಕೆ ಕ್ಯಾಂಬಿಯಂ ಪದರವೇ ಇಲ್ಲ. ಹತ್ತಲು ಅನುಕೂಲ ಎಂದು ತೆಂಗಿನ ಮರಕ್ಕೆ ಕಚ್ಚು ಹಾಕಿರುತ್ತಾರೆ, ಗಮನಿಸಿ. ಅಜ್ಜನ ಕಾಲದ ಕಚ್ಚು ಮೊಮ್ಮಗ ಹತ್ತುವಾಗಲೂ ಹಾಗೇ ಇರುತ್ತದೆ. ತುಟಿ ಬಂದು ಮುಚ್ಚುವುದಿಲ್ಲ. ಸುಳಿ ಒಂದೇ, ಅದು ಕೊಳೆತರೆ ಮರವೇ ಹೋಯಿತು. ಆದ್ದರಿಂದ ತೆಂಗಿಗೆ ಮೊಳೆ ಹೊಡೆದು ಬೋರ್ಡು ಹಾಕುವವರು ದಯವಿಟ್ಟು ನಿಲ್ಲಿಸಿ.

ಬೇರೆ ಮರಗಳಿಗೆ ಬಿಗಿಯಾಗಿ ತಂತಿ ಸುತ್ತುವುದೂ ಅಷ್ಟೇ ಕೆಟ್ಟದ್ದು. ನಾವು ಚಿಕ್ಕುವಿಗೋ ಪೇರಲಕ್ಕೋ ಗೂಟಿ ಕಟ್ಟುವಾಗ ಬೆರಳಗಲ ತೊಗಟೆಯನ್ನು ಉಂಗುರದ ಹಾಗೆ ತೆಗೆಯುತ್ತೇವೆ. ಎಲೆ ಮಾಡಿದ ಆಹಾರ ತೊಗಟೆಯಲ್ಲೇ ಕೆಳಗೆ ಇಳಿಯುವುದರಿಂದ ಉಂಗುರದ ಮೇಲೆ ತಡೆದು ನಿಂತು ಉಬ್ಬುತ್ತದೆ, ಒದ್ದೆ ಪಾಚಿ ಕಟ್ಟಿದರೆ ಅಲ್ಲಿಂದ ಬೇರು ಬರುತ್ತದೆ. ಬೀದಿ ಮರಕ್ಕೆ ದೀಪದ ಸರ ಕಟ್ಟಿ ವರ್ಷಗಟ್ಟಲೆ ಬಿಟ್ಟ ತಂತಿಯೂ ಇದನ್ನೇ ಮಾಡುತ್ತದೆ. ತಂತಿಯ ಮೇಲೆ ಉಬ್ಬು, ಕೆಳಗೆ ಬೇರಿಗೆ ಉಪವಾಸ. ಬಿಚ್ಚಲು ಒಂದು ಇಕ್ಕಳ ಸಾಕು.

ಆಲದ ಮರ ಎಷ್ಟು ಕಡಿದರೂ ಬದುಕುತ್ತದಲ್ಲ ಎನ್ನುವವರಿದ್ದಾರೆ. ನಿಜ, ಹೌರಾದ ಸಸ್ಯೋದ್ಯಾನದ ದೊಡ್ಡ ಆಲದ ಮೂಲ ಕಾಂಡಕ್ಕೆ ಶಿಲೀಂಧ್ರ ಹತ್ತಿ 1925ರಲ್ಲಿ ಅದನ್ನು ತೆಗೆದೇಬಿಟ್ಟರು. ಬಿಳಲುಗಳ ಮೇಲೆ ಮರ ಇವತ್ತಿಗೂ ಇದೆ. ಬೆಂಗಳೂರಿನ ರಾಮೋಹಳ್ಳಿ ಹತ್ತಿರದ ದೊಡ್ಡಾಲದ ಮರವೂ ಮೂಲ ಕಾಂಡ ಕಳೆದುಕೊಂಡೇ ನಿಂತಿದೆ. ಆದರೆ ನಮ್ಮ ಬೀದಿಯ ಬೇವಿಗೆ, ಮಳೆಮರಕ್ಕೆ, ಗುಲ್‌ಮೊಹರ್‌ಗೆ ಬಿಳಲಿಲ್ಲ. ಅವಕ್ಕಿರುವುದು ಒಂದೇ ಕಾಂಡ.

ಗಾಯಕ್ಕೆ ಡಾಂಬರು ಬಳಿಯುವವರಿಗೂ ಒಂದು ಮಾತು. ಡಾಂಬರು, ಸಿಮೆಂಟ್ ಕೊಳೆ ತಡೆಯುವುದಿಲ್ಲ, ಒಳಗೆ ತೇವ ಹಿಡಿದಿಡುತ್ತವೆ. ತೋಟದಲ್ಲಿ ನಾವು ಮಾವಿನ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದು ಶಿಲೀಂಧ್ರಕ್ಕೆ. ಅದು ಔಷಧಿ. ಡಾಂಬರು ಔಷಧಿಯಲ್ಲ.

ಮರ ಕಡಿಯಲು ಅನುಮತಿ ಬೇಕು ಎಂದು 1976ರಿಂದ ನಮ್ಮ ರಾಜ್ಯದಲ್ಲಿ ಕಾಯ್ದೆ ಇದೆ. ಆ ಕಾಯ್ದೆಯಿಂದ ಎಷ್ಟೋ ಮರ ಉಳಿದಿವೆ. ಕೊಂಬೆ ಸವರಲು ಬರುವ ಹುಡುಗರಿಗೆ ಮಾತ್ರ ಎಲ್ಲಿ ಗರಗಸ ಇಡಬೇಕೆಂದು ನಮ್ಮ ಕಡೆ ಯಾರೂ ತೋರಿಸಿಕೊಟ್ಟಿಲ್ಲ. ನಾನು ಕೇಳಿದಾಗ ಅವರೇ ಹಾಗೆ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಇಷ್ಟು ಮರ ಮುಗಿಸಬೇಕು ಎಂದು ಕಳಿಸಿದರೆ ಅವರಾದರೂ ಏನು ಮಾಡಿಯಾರು? ನಗರದ ಗುತ್ತಿಗೆ ಕರಾರಿನಲ್ಲಿ ಉಬ್ಬಿನ ಹೊರಗೆ ಕಡಿಯಬೇಕು, ಒಂದೇ ಸಲಕ್ಕೆ ಮರದ ಕಾಲು ಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಬಾರದು ಎಂದು ಎರಡು ಸಾಲು ಸೇರಿಸಲಿ. ಬೇಸಿಗೆಯ ಕೆಲಸ ಶುರುವಾಗುವ ಮುಂಚೆ ಅರ್ಧ ದಿನ ಅವರನ್ನು ಒಂದು ಕಡೆ ಸೇರಿಸಲಿ. ಕೃಷಿ ವಿಶ್ವವಿದ್ಯಾಲಯ ಇರುವ ಊರು ನಮ್ಮದು, ಹೇಳಿಕೊಡುವವರಿಗೆ ಕೊರತೆಯಿಲ್ಲ. ಯಾರೂ ಸಿಗದಿದ್ದರೆ ನಾನು ಬರುತ್ತೇನೆ, ನನ್ನ ಗರಗಸವೇ ತರುತ್ತೇನೆ. ದುಡ್ಡು ಬೇಡ.

ಅನುಮಾನ ಇರುವ ಅಧಿಕಾರಿಗಳು ಬಂದು ನಮ್ಮ ಬೇವಿನ ಮರದ ಎರಡು ಗಾಯ ಪಕ್ಕಪಕ್ಕ ನೋಡಲಿ. ಬರುವುದಾದರೆ ಈ ಮಳೆಗಾಲದೊಳಗೆ ಬರಲಿ. ಉಬ್ಬು ಉಳಿಸಿದ ಕಡೆ ಇನ್ನು ತೆರೆದಿರುವುದು ಎರಡು ರೂಪಾಯಿ ನಾಣ್ಯದಷ್ಟು ಜಾಗ. ದೀಪಾವಳಿ ಹೊತ್ತಿಗೆ ಅದೂ ಮುಚ್ಚಿಕೊಂಡರೆ, ಅಲ್ಲಿ ಕೊಂಬೆ ಇತ್ತು ಎಂದು ತೋರಿಸುವುದೇ ಕಷ್ಟವಾದೀತು.

ಇಂತಿ,
ಕಸಿ ಕಟ್ಟುವ ಒಬ್ಬ ನರ್ಸರಿಯವ
ಧಾರವಾಡ