ದೊಡ್ಡಮ್ಮನಿಗೆ, ಮತ್ತು ಉಳಿದ ಎಲ್ಲರಿಗೂ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಹೋದರಿಯರ ಕೂಟಕ್ಕೆ ಈ ಭಾನುವಾರ ಒಂದು ವರ್ಷ ತುಂಬಿತು. ಚಾಪೆ ಹಾಸಿದವರು, ಮಕ್ಕಳನ್ನು ಆಡಿಸಿದವರು, ಮಳೆಯಲ್ಲೂ ಅಂಬರನಾಥದಿಂದ ಬಂದವರು, ಅನ್ನಕ್ಕಿಟ್ಟು ಹೆಂಡತಿಯನ್ನು ಕಳಿಸಿಕೊಟ್ಟ ಗಂಡಂದಿರು, ಪಾಸ್ಟರ್, ಎಲ್ಲರಿಗೂ ವಂದನೆ.

ಉಳಿದದ್ದೆಲ್ಲ ಕೂಟದಲ್ಲಿ ನಮಗೆ ಬೈಬಲ್ ಪಾಠ ಹೇಳಿದ ದೊಡ್ಡಮ್ಮನಿಗೆ.

‘ಅಧೀನತೆ’ ಅಂದರೆ ಸಾಕು, ಅರ್ಧ ಕೂಟ ಮುಖ ತಿರುಗಿಸುತ್ತಿತ್ತು, ಇನ್ನರ್ಧ ತಲೆ ತಗ್ಗಿಸುತ್ತಿತ್ತು. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಲಿ ಎನ್ನುವ ಎಫೆಸ 5:22ಕ್ಕೆ ಹೋಗುವ ಮೊದಲು ದೊಡ್ಡಮ್ಮ 21ನ್ನು ಓದಿಸಿದರು. ಅಲ್ಲಿರುವುದು ಒಬ್ಬರಿಗೊಬ್ಬರು ಅಧೀನರಾಗುವ ಮಾತು. ತೀರಾ ಹಳೆಯ ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ 22ಕ್ಕೆ ತನ್ನದೇ ಕ್ರಿಯಾಪದವಿಲ್ಲ, 21ರದ್ದೇ ಕಡ. ಮಕ್ಕಳಿಗೆ 6:1ರಲ್ಲಿ ಹೇಳಿದ ಪದವೇ ಬೇರೆ. ಹೆಂಡತಿ ಮಗುವಲ್ಲ ಎಂದು ಅಲ್ಲಿಗೇ ತಿಳಿಯಿತು.

ಆಮೇಲೆ ಅಡುಗೆಮನೆಯ ಪಾಠ. ಗಂಡ ಲೋಕಲ್‌ನಿಂದ ಇಳಿದು ಚಪ್ಪಲಿ ಬಿಡುವಾಗ ವಿಷಯ ಎತ್ತಬಾರದು, ಚಹಾ ಮುಗಿಯಲಿ. ಮನೆ ಬದಲಿಸುವ ಮಾತಾದರೆ ಲೈಟ್ ಬಿಲ್ಲಿನ ಹಿಂದೆ ಕಂತು, ಸೊಸೈಟಿ ಖರ್ಚು, ರೈಲ್ವೆ ಪಾಸು ಬರೆದು ಕೂಡಿಸಿ ಎದುರಿಗಿಡಬೇಕು. ಬೇಡ ಅನಿಸಿದರೆ ಬೇಡವೆಂದು ಬಾಯಿಬಿಟ್ಟೇ ಹೇಳಬೇಕು. ಎರಡು ಸಲ, ಮೂರನೆಯ ಸಲ ಅದು ಜಗಳ. ಆಮೇಲೂ ಅವರು ಬೇರೆ ದಾರಿ ಹಿಡಿದರೆ ಜತೆಗೆ ನಿಲ್ಲಬೇಕು, ಎಡವಿದ ದಿನ ‘ನಾನು ಹೇಳಿರಲಿಲ್ಲವಾ’ ಎನ್ನದೆ. ಕಷ್ಟವಿರುವುದು ಅಲ್ಲೇ, ಅತ್ತೆಯ ಮುಂದೆ ಗಂಡನನ್ನು ತಿದ್ದದಿರುವುದು ಅದಕ್ಕಿಂತ ಸುಲಭ.

ಎಡವಟ್ಟಾಗುವ ಜಾಗಗಳನ್ನೂ ತೋರಿಸಿದರು. ‘ನೀವು ಹೇಳಿದ ಹಾಗೆ’ ಎಂದು ಪಾತ್ರೆ ಕುಕ್ಕಿದರೆ ಅದು ಅಧೀನತೆಯಲ್ಲ, ಮುಷ್ಕರ. ಸಾರಿಗೆ ಬೇಳೆ ಎಷ್ಟು ಹಾಕಲಿ ಎಂದು ಅದನ್ನೂ ಅವರನ್ನೇ ಕೇಳುವುದು ಹೊರೆ ದಾಟಿಸುವ ಜಾಣತನ. ಬೈಬಲಿನಲ್ಲೇ, ಗಂಡನ ಸುಳ್ಳಿಗೆ ತಲೆಯಾಡಿಸಿದ ಸಫೈರಳನ್ನು ಅಪೊಸ್ತಲ ಪೇತ್ರ ಬಿಡಲಿಲ್ಲ. ದಾವೀದನನ್ನು ಸಿಟ್ಟಿಗೆಬ್ಬಿಸಿದ ಗಂಡ ನಾಬಾಲನಿಗೆ ಹೇಳದೆ, ದಾವೀದನನ್ನು ಸಮಾಧಾನ ಮಾಡಲು 200 ರೊಟ್ಟಿ, 2 ಚರ್ಮದ ಬುದ್ದಲಿ ದ್ರಾಕ್ಷಾರಸ, 5 ಕುರಿಗಳ ಮಾಂಸ ಕತ್ತೆಗಳ ಮೇಲೆ ಹೇರಿಸಿ ಹೊರಟ ಅಬೀಗೈಲಳಿಂದ ಮನೆಯ ಗಂಡಸರ ಜೀವ ಉಳಿಯಿತು. ಗಂಡಂದಿರ ಕೂಟಕ್ಕೂ ಚೀಟಿ ಹೋಗಿತ್ತು, 1 ಪೇತ್ರ 3:7 ಓದಿ ಅಂತ. ಹೆಂಡತಿಯನ್ನು ಗೌರವಿಸದವನ ಪ್ರಾರ್ಥನೆಗೇ ಅಡ್ಡಿ ಬರುತ್ತದಂತೆ. ಉತ್ತರ ಇನ್ನೂ ಬಂದಿಲ್ಲ.

ಜುಲೈನ ಆ ರಾತ್ರಿಯ ವಿಷಯ ನಮ್ಮವರಿಗೆ ಗೊತ್ತು, ಮತ್ತೆ ಬರೆಯುವುದಿಲ್ಲ. ಹಳಿ ಮೇಲೆ ನೀರು, ಲೋಕಲ್ ಬಂದ್. ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡೇ ಮೂರು ಮಾಳಿಗೆ ಹತ್ತಿ ಬಂದರು. ‘ಸಹಿಸಿಕೋ, ಅಧೀನಳಾಗಿರು’ ಎಂದು ತಿರುಗಿ ಕಳಿಸುತ್ತಾರೇನೋ ಎಂದು ಹೆದರಿದ್ದೆವು. ಹಾಗೆ ಕಳಿಸಿದವರನ್ನು ಕಂಡಿದ್ದೇವೆ, ಆ ಸಿಟ್ಟು ಇನ್ನೂ ಆರಿಲ್ಲ. ದೊಡ್ಡಮ್ಮ ಪ್ರಾರ್ಥನೆಗೂ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಹಚ್ಚಿಸಿದರು. ಏಟಿನ ಗುರುತಿನ ಫೋಟೊ ತೆಗೆಸಿದರು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಗಂಡನೊಂದಿಗೆ ಬಾಳಿದ ಮನೆ ಯಾರ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲಿ ಇರುವ ಹಕ್ಕಿದೆ ಎಂದು ನಿಧಾನವಾಗಿ ಎರಡು ಸಲ ಹೇಳಿದರು. ಕೈ ಎತ್ತಿದವನು ಹೆಂಡತಿಯನ್ನು ಪ್ರೀತಿಸು ಎನ್ನುವ ಎಫೆಸ 5ರ 25ನೆಯ ವಚನವನ್ನು ಮುರಿದವನು, 22ನ್ನು ಅವನ ಬಾಯಲ್ಲಿ ಕೇಳಬೇಕಾಗಿಲ್ಲ ಅಂದರು. ಆಮೇಲೆ ಬೆಳಗಿನ ತನಕ ಮಾತಿಲ್ಲದೆ ಕೈ ಹಿಡಿದು ಕೂತರು.

ದೊಡ್ಡಮ್ಮ, ಅವತ್ತು ನೀವು ಉಪ್ಪಿಟ್ಟು ತಂದ ಸ್ಟೀಲ್ ಡಬ್ಬಿ ಇನ್ನೂ ನಮ್ಮಲ್ಲೇ ಇದೆ. ಭಾನುವಾರ ಆರಾಧನೆ ಮುಗಿದ ಮೇಲೆ ತರುತ್ತೇವೆ, ಖಾಲಿ ಅಲ್ಲ.